ಗಾಥೆನ್‌ಬರ್ಗ್, ಗೋಟೆಬೋರ್ಗ್, ಯೋತೆಬೊರಿ: ಮೂರೂ ಒಂದೇ ಊರು

ನಮಸ್ಕಾರ. ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಆಫರ್ ಲೆಟರಿನಲ್ಲಿ ಗಾಥೆನ್‌ಬರ್ಗ್ ಅಂತಿದೆ, ರೈಲು ಟಿಕೆಟ್ಟಿನಲ್ಲಿ ಗೋಟೆಬೋರ್ಗ್ ಅಂತಿದೆ, ಫೋನಿನಲ್ಲಿ ಮ್ಯಾನೇಜರ್ ಯೋತೆಬೊರಿ ಅಂದರು, ನಾನು ಹೋಗ್ತಿರೋದು ಯಾವ ಊರಿಗೆ ಅಂತ ಕೇಳಿದ್ದೀರಿ. ಮೂರೂ ಒಂದೇ, ಸ್ವೀಡನ್ನಿನ ಪಶ್ಚಿಮ ಕರಾವಳಿಯ ಊರು. ಮೊದಲನೆಯದು ಇಂಗ್ಲಿಷ್ ಹೆಸರು, ಎರಡನೆಯದು ಸ್ವೀಡಿಷ್ ಹೆಸರು ಬರೆದ ಹಾಗೆ ಓದಿದ್ದು, ಮೂರನೆಯದು ಇಲ್ಲಿಯವರು ಅದನ್ನೇ ಹೇಳುವ ರೀತಿ. ಮನೆ, ಮಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

14 ವರ್ಷದ ಹಿಂದೆ ನಾನು ಇದೇ ಹೆಸರಿನ ದೆಸೆಯಿಂದ ಸ್ಟಾಕ್‌ಹೋಮಿನಲ್ಲಿ ಒಂದು ರೈಲು ತಪ್ಪಿಸಿಕೊಂಡೆ. ಬೋರ್ಡಿನಲ್ಲಿ ಗಾಥೆನ್‌ಬರ್ಗ್ ಹುಡುಕುತ್ತಾ ನಿಂತಿದ್ದೆ. ಅದು ಎಲ್ಲೂ ಇರಲಿಲ್ಲ. ನನ್ನ ರೈಲು ಮಾತ್ರ ಕಣ್ಣೆದುರೇ ಹೊರಟುಹೋಯಿತು. ಹಾಗಾಗಿ ಟಿಕೆಟ್ಟು, ಬಸ್ಸು, ಮನೆ ಏನೇ ಹುಡುಕಿದರೂ ಸ್ವೀಡಿಷ್ ಹೆಸರೇ ಹಾಕಿ.

ಆ ಹೆಸರಿನಲ್ಲಿ ಎರಡು ತುಂಡು ಇದೆ. ಯೋತಾ ಅನ್ನೋದು ಊರಿನ ನದಿ. ಈ ಸೀಮೆಯಲ್ಲಿ ಹಿಂದೆ ಇದ್ದ ಯೋತರ್ ಅನ್ನೋ ಜನರ ಹೆಸರೂ ಅದೇ. ಬೊರಿ ಅಂದರೆ ಕೋಟೆ. ಬರೆಯುವಾಗ ಎರಡೂ ಕಡೆ 'ಗ' ಇದೆ, ಆದರೆ ಇಲ್ಲಿಯವರ ಬಾಯಲ್ಲಿ ಅದು 'ಯ' ಆಗುತ್ತದೆ. ಮೊದಲನೆಯದು ಮುಂದಿನ ಸ್ವರದಿಂದ, ಕೊನೆಯದು ಹಿಂದಿನ 'ರ'ದಿಂದ. ಆ ಸ್ವರ ನಮ್ಮಲ್ಲಿಲ್ಲ. ತುಟಿ 'ಒ' ಅನ್ನೋ ಹಾಗೆ ಇಟ್ಟುಕೊಂಡು 'ಎ' ಅನ್ನಿ, ಹತ್ತಿರ ಬರುತ್ತದೆ. ನನಗೆ ಇವತ್ತಿಗೂ ಸರಿಯಾಗಿ ಬರಲ್ಲ, ಮಗಳು ತಿದ್ದುತ್ತಾಳೆ.

ಹಾಗಾದರೆ ಇಂಗ್ಲಿಷಿನಲ್ಲಿ ನಡುವೆ ಆ 'ಥೆನ್' ಎಲ್ಲಿಂದ ಬಂತು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಗ ಈ ಕರಾವಳಿಯ ಎರಡೂ ಕಡೆ ಡೆನ್ಮಾರ್ಕ್ ರಾಜನ ಕೈಯಲ್ಲಿತ್ತು. ಸ್ವೀಡನ್ನಿಗೆ ಪಶ್ಚಿಮದ ಸಮುದ್ರಕ್ಕೆ ಇದ್ದ ಬಾಗಿಲು ಈ ನದಿಯ ಬಾಯಿ ಒಂದೇ. ಒಂಬತ್ತನೇ ಕಾರ್ಲ್ ರಾಜ ಹೀಸಿಂಗೆನ್ ದ್ವೀಪದಲ್ಲಿ ಊರು ಕಟ್ಟಿಸಿದ. 1611ರಲ್ಲಿ ಡೇನರು ಅದನ್ನು ಸುಟ್ಟರು. ಪಕ್ಕದ ಕೋಟೆಯನ್ನೂ ಹಿಡಿದು, 10 ಲಕ್ಷ ರಿಕ್ಸ್‌ಡಾಲರ್ ವಸೂಲಿ ಮಾಡಿಯೇ ಬಿಟ್ಟುಕೊಟ್ಟರು. 1621ರಲ್ಲಿ ಮಗ ಎರಡನೇ ಗುಸ್ತಾವ್ ಅಡಾಲ್ಫ್ ನದಿಯ ಈಚೆ ದಡದಲ್ಲಿ ಮತ್ತೆ ಊರು ಹೂಡಿದ. ಅಂದಹಾಗೆ ನಿಮ್ಮ ಆಫೀಸು ಇರೋದು ಹೀಸಿಂಗೆನ್‌ನಲ್ಲೇ, ಅಂದರೆ ಮೊದಲು ಸುಟ್ಟುಹೋದ ಊರಿನ ದ್ವೀಪದಲ್ಲಿ.

ಹೊಸ ಊರಿನ ಜಾಗ ಬರೀ ಜೌಗು. ಅಲ್ಲಿ ಕಾಲುವೆ ತೋಡಿ ಊರು ಕಟ್ಟೋದು ಡಚ್ಚರಿಗೆ ಗೊತ್ತಿತ್ತು, ಅವರನ್ನೇ ಕರೆಸಿದರು. ಜರ್ಮನರು, ಸ್ಕಾಟರು ವ್ಯಾಪಾರಕ್ಕೆ ಬಂದರು. ಡಚ್, ಜರ್ಮನ್, ಸ್ಕಾಟ್ಸ್, ಇಂಗ್ಲಿಷ್ ಬಾಯಲ್ಲಿ ಉಳಿದದ್ದು ಗೋಥೆನ್‌ಬುರ್ಗ್ ಥರದ ರೂಪ. ಗೋಥೆನ್ ಅಂದರೆ ಗೋಥರು, ರೋಮ್ ಸಾಮ್ರಾಜ್ಯದ ಮೇಲೆ ನುಗ್ಗಿದ ಜನ. ಸ್ವೀಡನ್ನಿನ ರಾಜರಿಗೂ ಆ ನೆಂಟಸ್ತಿಕೆ ಬೇಕಿತ್ತು. ಸ್ವೀಡರ, ಗೋಥರ, ವೆಂಡರ ರಾಜ ಅನ್ನೋ ಬಿರುದನ್ನು 1973ರವರೆಗೂ ಬಿಡಲಿಲ್ಲ! ಜರ್ಮನರು ಈಗ ಸ್ವೀಡಿಷ್ ಹೆಸರೇ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಹಳೆಯದು ಉಳಿಯಿತು. ಸ್ಪೇನ್, ಪೋರ್ಚುಗಲ್‌ನವರಿಗೆ ಇದು ಗೋತೆಂಬುರ್ಗೊ. ಐಸ್‌ಲ್ಯಾಂಡಿನವರು ಗೌಟಬೋರ್ಗ್ ಅಂತಾರೆ. ನನಗೆ ಇದೇ ಇಷ್ಟ, ಯೋತರ್ ಜನರ ಹಳೇ ಹೆಸರಿನ ಸದ್ದು ಅದರಲ್ಲಿ ಇನ್ನೂ ಇದೆ.

ಮಂಗಳೂರಿನವರಿಗೆ ಇದೇನು ಹೊಸದಲ್ಲ ಬಿಡಿ. ಕುಡ್ಲ, ಕೊಡಿಯಾಲ್, ಮೈಕಾಲ ಅಂತ ಕೇಳಿಕೊಂಡೇ ಬೆಳೆದವರು ನೀವು.

2009ರಲ್ಲಿ ನಗರಸಭೆಯವರು ಹೊಸ ಲೋಗೋ ಮಾಡಿಸಿದರು. ಹೊರಗಿನವರಿಗೂ ಹಿಡಿಸಲಿ ಅಂತ 'ಓ' ಅಕ್ಷರದ ತಲೆ ಮೇಲಿನ ಎರಡು ಚುಕ್ಕೆಯನ್ನು ಪಕ್ಕಕ್ಕೆ ಇಳಿಸಿ, ಕೋಲನ್ ಥರ ಇಟ್ಟರು. ಇದರಿಂದ ಯಾರಿಗೆ ಸುಲಭವಾಯಿತೋ ನನಗೆ ತಿಳಿಯಲಿಲ್ಲ. ಪ್ರೀತಿಯಿಂದ 'ಯೋತೆತ್' ಅನ್ನುವವರೂ ಇದ್ದಾರೆ. ಹಿಂದೆ ಬ್ರಿಟಿಷ್ ವ್ಯಾಪಾರಿಗಳು ಜಾಸ್ತಿ ಇದ್ದದ್ದಕ್ಕೆ 'ಪುಟ್ಟ ಲಂಡನ್' ಅಂತಲೂ ಒಂದು ಹೆಸರಿದೆ. ಇಲ್ಲಿಯ ಚಾಲ್ಮರ್ಸ್ ವಿಶ್ವವಿದ್ಯಾಲಯದ ಹೆಸರು ಕೇಳಿರಬಹುದು, ಅದು 1829ರಲ್ಲಿ ಶುರುವಾದದ್ದು ವಿಲಿಯಂ ಚಾಲ್ಮರ್ಸ್ ಬಿಟ್ಟುಹೋದ ದುಡ್ಡಿನಿಂದ. ಅವನು ಸ್ಕಾಟಿಷ್ ವ್ಯಾಪಾರಿಯ ಮಗ, ಹುಟ್ಟಿದ್ದು ಇಲ್ಲೇ, ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕನಾಗಿದ್ದವನು. ಆ ಕಂಪನಿಯ ಕಟ್ಟಡ ಕಾಲುವೆ ದಡದಲ್ಲಿ ಈಗಲೂ ಇದೆ, ಒಳಗೆ ನಗರದ ಮ್ಯೂಸಿಯಂ.

ಇನ್ನು ಮನೆ. ನೇರ ಬಾಡಿಗೆಗೆ ಕ್ಯೂ ಇದೆ, ವರ್ಷಗಟ್ಟಲೆ. ಇವತ್ತೇ ಹೆಸರು ಹಾಕಿ, ಮೊದಲಿಗೆ 'ಆಂದ್ರಹಾಂಡ್' ಹುಡುಕಿ, ಅಂದರೆ ಬಾಡಿಗೆದಾರರು ತಮ್ಮ ಮನೆಯನ್ನು ಮತ್ತೊಬ್ಬರಿಗೆ ಕೊಡೋದು. ಮನೆ ನೋಡದೆ ಮುಂಗಡ ಕಳಿಸಬೇಡಿ. ಬಂದ ವಾರವೇ ತೆರಿಗೆ ಕಚೇರಿಗೆ ಹೋಗಿ ಪರ್ಸೂನ್‌ನುಮ್ಮರ್‌ಗೆ, ಅಂದರೆ ಇಲ್ಲಿಯ ಗುರುತಿನ ಸಂಖ್ಯೆಗೆ, ಅರ್ಜಿ ಹಾಕಿ. ಅದಿಲ್ಲದೆ ಬ್ಯಾಂಕ್ ಖಾತೆಗೂ ಒದ್ದಾಟ. ಮಳೆ ನಿಮಗೆ ಹೊಸದಲ್ಲ, ಆದರೆ ಇಲ್ಲಿಯದು ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಕೊಡೆ ತರಬೇಡಿ, ಒಂದು ಒಳ್ಳೇ ರೇನ್‌ಕೋಟ್ ತನ್ನಿ.