‘ಹಾಡಿಗ್ಯಾಕ್ರಿ ಗ್ರೇಡು?’ ಅಂತ ಕೇಳಿದ ಸಾವ್ಕಾರ್ರಿಗಿ

ಪತ್ರ: ಶಹಾಪುರದಾಗ ಬಟ್ಟಿ ಅಂಗಡಿ ಇಟ್ಟಿರೋ ಓದುಗರೊಬ್ಬರು ಬರ್ದಾರ. ಮಗಳು ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಪ್ರೋಗ್ರೆಸ್ ಕಾರ್ಡಿನಾಗ ಎಲ್ಲಾದಕ್ಕೂ ಎ ಪ್ಲಸ್, ‘ಮ್ಯೂಸಿಕ್ ಅಂಡ್ ಡ್ಯಾನ್ಸ್’ ಅನ್ನೋದರ ಮುಂದ ಮಾತ್ರ ಬಿ. ಕೂಸು ಮಾರಿ ಸಣ್ಣ ಮಾಡ್ಕೊಂಡು ಕುಂತಿತ್ತಂತ. ಹಾಡು ಕುಣಿತ ಮಕ್ಕಳ ಖುಷಿಗಿ ಇರೋದು, ಅದಕ್ಯಾಕ ಗ್ರೇಡು, ಮೊದ್ಲೇ ನಮ್ ಯಾದಗಿರಿ ಎಸ್ಸೆಸ್ಸೆಲ್ಸಿದಾಗ ಕೆಳಗಿಂದ ಫಸ್ಟು, ಗಣಿತ ನೋಡೋದು ಬಿಟ್ಟು ಇದನ್ನೇನ್ ಅಳಿತಾರ, ಅಂತ ಕೇಳ್ಯಾರ.

ಉತ್ತರ: ಸಾವ್ಕಾರ್ರೇ, ಪತ್ರ ಓದಿ ಖುಷಿನೂ ಆತು, ಸಿಟ್ಟೂ ಬಂತು. ಖುಷಿ ಯಾಕಂದ್ರ ಮಗಳ ಕಾರ್ಡು ಕೆಳಗಿನ ತನಕ ಓದೋ ಅಪ್ಪಂದಿರು ಭಾಳ ಕಮ್ಮಿ, ಎಲ್ಲಾರೂ ಟೋಟಲ್ ನೋಡಿ ಸೈ ಹಾಕಿ ಕೊಟ್ಟುಬಿಡ್ತಾರ. ಮತ್ತ ಏಳು ವರ್ಷದ ಕೂಸಿನ ಕೈಗಿ ಬಿ ಅಂತ ಒಂದಕ್ಷರ ಬರ್ದು ಕೊಡೋದು ದಡ್ಡತನ, ಇದು ನಾನೂ ಒಪ್ತೀನಿ. 2022ರಾಗ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಾಗೂ 3ರಿಂದ 8 ವರ್ಷದ ಮಕ್ಕಳಿಗಿ ಪರೀಕ್ಷಾ ಗಿರೀಕ್ಷಾ ಬ್ಯಾಡ, ಕಲಸೋರು ನೋಡ್ಕೋತ ಕೇಳ್ಕೋತ ಗುರ್ತು ಹಾಕ್ಕೋಬೇಕು ಅಂತಲೇ ಅದ. ಇಷ್ಟು ನಿಮ್ಮ ಪಾಲಿಂದಾತು. ಆದ್ರ ಅಳಿಯೋದೇ ಬ್ಯಾಡ ಅಂತೀರಲ್ಲ, ಅಲ್ಲಿ ನಂದೂ ನಿಮ್ದೂ ಕೂಡಂಗಿಲ್ಲ.

ನಮ್ ಸಾಲಿಗೋಳದಾಗ ಒಂದು ಕಾನೂನದ, ಎಲ್ಲೂ ಬರ್ದಿಲ್ಲ ಆದ್ರ ಎಲ್ಲಾರೂ ಪಾಲಿಸ್ತಾರ. ಯಾವುದರ ರಿಪೋರ್ಟು ಮ್ಯಾಲ ಹೋಗಂಗಿಲ್ಲೋ ಅದನ್ನ ಕಲಸಂಗಿಲ್ಲ. ಶುಕ್ರವಾರ ಕಡೀ ಪಿರಿಯಡ್ ಸಂಗೀತ ಅಂತ ಗ್ವಾಡಿ ಮ್ಯಾಲ ಟೈಂಟೇಬಲ್ ಅಂಟಿಸಿರ್ತಾರ, ಆ ಹೊತ್ತಿಗಿ ಹೋಗಿ ಬಾಗಲದಾಗ ನಿಂತು ನೋಡ್ರಿ, ಬೋರ್ಡ್ ತುಂಬ ಭಾಗಾಕಾರ. ಕಾಯ್ದೆನಾದ್ರೂ ಏನು ಕೊಟ್ಟದ? 2009ರ ಶಿಕ್ಷಣ ಹಕ್ಕು ಕಾಯ್ದೆದಾಗ ಕಲಾ ಶಿಕ್ಷಣಕ್ಕ ಪಾರ್ಟ್‌ಟೈಂ ಮಾಸ್ತರು ಬೇಕು ಅಂತದ ಖರೇ, ಅದೂ 6ರಿಂದ 8ನೇ ಕ್ಲಾಸಿಗಿ, ಅದರಾಗೂ ನೂರರ ಮ್ಯಾಲ ಮಕ್ಕಳಿದ್ರ ಮಾತ್ರ. ಒಂದರಿಂದ ಐದನೇ ಕ್ಲಾಸಿಗಿ ಅಷ್ಟೂ ಇಲ್ಲ. ಕಿವಿ ಎಳೇದಿದ್ದಾಗ ಯಾರೂ ಇಲ್ಲ, ಹುಡುಗುರ ಗಂಟ್ಲು ಒಡಿಯೋ ಹೊತ್ತಿಗಿ ಮಾಸ್ತರು ಬರ್ತಾರ, ಬಂದ್ರ.

ಅಳಿಯೋದು ಅಂದ್ರ ನೀವು ಮಾರ್ಕ್ಸ್ ಅಂದ್ಕೊಂಡೀರಿ. ಚಿತ್ತಾಪುರ ಕಡೀ ಒಂದು ತಾಂಡಾದ ಸಾಲ್ಯಾಗ ನಾ ಬ್ಯಾರೇನೇ ನೋಡೀನಿ. ಅಲ್ಲಿ ಬಾಯಾರು ಸಂಗೀತ ಕಲ್ತೋರೇನಲ್ಲ, ಆದ್ರ ಅವರ ಟೇಬಲ್ ಮ್ಯಾಲ ಒಂದು ನೂರ್ ಪೇಜಿನ ನೋಟ್‌ಬುಕ್, ಒಂದೊಂದು ಮಗುವಿಗಿ ಒಂದೊಂದು ಪುಟ. ‘ಜೂನ್ – ಎಲ್ಲಾರ ಜೋಡಿ ಚಪ್ಪಾಳಿ ಕೂಡಸ್ತಾಳ, ಒಬ್ಬಾಕೇ ಹಾಡಿದ್ರ ತಾಳ ಬಿಡ್ತಾಳ. ಸಪ್ಟೆಂಬರ್ – ಒಬ್ಬಾಕೇ ಹಾಡಿದ್ರೂ ತಾಳ ಕೂಡ್ತದ, ದನಿ ಇನ್ನಾ ಸಣ್ಣದು.’ ಹಿಂಗ. ಒಬ್ಬ ಹುಡುಗನ ಪುಟದಾಗ ‘ಎಲ್ಲಾರಿಗಿಂತ ಸ್ವಲ್ಪ ಹಿಂದ ಶುರು ಮಾಡ್ತಾನ, ಮಗ್ಗಲಿನವನ ಬಾಯಿ ನೋಡ್ತಾನ’ ಅಂತಿತ್ತು. ಬಾಯಾರಿಗಿ ಡೌಟ್ ಬಂದು ಅವನ ಬೆನ್ನ ಹಿಂದ ನಿಂತು ಹಾಡಿ ನೋಡ್ಯಾರ, ಹುಡುಗ ಸುಮ್ನ ನಿಂತಾನ. ದವಾಖಾನಿಗಿ ಕಳಸಿದ್ರ ಎರಡೂ ಕಿವಿ ಸೋರ್ತಿದ್ವು. ಅಲ್ಲಿ ತನಕ ಲೆಕ್ಕದಾಗ ದಡ್ಡ, ಓದೋದ್ರಾಗ ದಡ್ಡ ಅಂತ ಬರ್ಕೋತ ಬಂದಿದ್ರು, ಯಾವ ಟೆಸ್ಟಿನಾಗೂ ಅವಂಗ ಕೇಳಸಂಗಿಲ್ಲ ಅಂತ ಗೊತ್ತಾಗಿದ್ದಿಲ್ಲ ನೋಡ್ರಿ. ನಾ ಹೇಳೋ ಅಳತಿ ಇದು, ಒಂದು ಕೂಸಿನ ದನಿ ದೊಡ್ಡವರೊಬ್ಬರು ಎರಡು ನಿಮಿಷ ಕುಂತು ಕೇಳೋದು.

ಇದೇನು ನನ್ನ ತಲ್ಯಾಗ ಹುಟ್ಟಿದ್ದಲ್ಲ. ಅಮೆರಿಕಾದಾಗ ಎಡ್ವಿನ್ ಗಾರ್ಡನ್ ಅಂತ ಒಬ್ಬ ಪ್ರೊಫೆಸರ್ 1979ರಾಗ ಕೆಜಿಯಿಂದ ಮೂರನೇ ಕ್ಲಾಸಿನ ಮಕ್ಕಳಿಗಂತಲೇ ಒಂದು ಪರೀಕ್ಷಾ ಮಾಡಿದ, ಅದಕ್ಕ ಓದಾಕ ಬರಿಯಾಕ ಬರಬೇಕಂತಿಲ್ಲ, ಎರಡು ಸಣ್ಣ ತುಣುಕು ಕೇಳಸ್ತಾರ, ಎರಡೂ ಒಂದೇ ಅನಸಿದ್ರ ಒಂದೇ ತರದ ಎರಡು ಮಾರಿ ಚಿತ್ರಕ್ಕ ಗೋಲ್ ಹಾಕಬೇಕು, ಬ್ಯಾರೆ ಅನಸಿದ್ರ ಒಂದು ನಗೋ ಮಾರಿ ಒಂದು ಅಳೋ ಮಾರಿಗಿ. ಸಂಗೀತದ ಕಿವಿ ಒಂಬತ್ತು ವರ್ಷದ ತನಕ ಏರ್ತದ ಇಳೀತದ, ಆಮ್ಯಾಲ ಹೆಚ್ಚು ಕಮ್ಮಿ ಅಲ್ಲೇ ನಿಲ್ತದ ಅನ್ನೋದು ಅವನ ವಾದ. ಎಲ್ಲಾರೂ ಒಪ್ಪಬೇಕಂತಿಲ್ಲ, ಆದ್ರ ಅರ್ಧ ಖರೇ ಇದ್ರೂ ನಾವು ಕಳಕೊಳ್ಳೋದು ಎರಡನೇ ಕ್ಲಾಸಿನಾಗೇ. ಅಲ್ಲೂ ಎಲ್ಲಾ ಸುದ್ದ ಇಲ್ಲ ಬಿಡ್ರಿ, ಸಾಲಿ ಮಕ್ಕಳ ಕಲಿಕಿ ನೋಡೋ ಅವರ ದೇಶದ ದೊಡ್ಡ ಸರ್ವೇದಾಗ 1997ರಾಗ ಎಂಟನೇ ಕ್ಲಾಸಿನ ಮಕ್ಕಳಿಂದ ಹಾಡಿಸಿ ಬಾರಿಸಿ ನೋಡಿದ್ರು, 2008ಕ್ಕ ಬರೋ ಹೊತ್ತಿಗಿ ಸಂಗೀತ ಅಂದ್ರ ಕೇಳಿ ಉತ್ತರ ಬರಿಯೋದಷ್ಟೇ ಉಳೀತು.

ಪ್ರತಿಭಾ ಕಾರಂಜಿ ಅದಲ್ಲ ಅಂತೀರೇನು? ಅದು ಮೊದ್ಲೇ ಹಾಡಾಕ ಬರೋ ನಾಕು ಹುಡುಗುರದು, ಕ್ಲಸ್ಟರ್ ಲೆವೆಲ್ಲಿಗಿ ಅವರನ್ನೇ ಕರ್ಕೊಂಡು ಹೋಗ್ತಾರ, ಉಳಿದೋರು ಸಾಲ್ಯಾಗ ಕುಂತು ಮಗ್ಗಿ ಬರೀತಾರ. ಗಾಂಧರ್ವ ಮಹಾವಿದ್ಯಾಲಯದ ಪ್ರಾರಂಭಿಕ, ಪ್ರವೇಶಿಕಾ, ನಮ್ ರಾಜ್ಯದ ಜೂನಿಯರ್ ಸೀನಿಯರ್ ಸಂಗೀತ ಪರೀಕ್ಷಾ ಎಲ್ಲಾ ಛಲೋನೇ, ಆದ್ರ ಫೀಸ್ ಕೊಟ್ಟು ಟ್ಯೂಷನ್ನಿಗಿ ಹಾಕೋರ ಮನಿ ಮಕ್ಕಳಿಗಿ. ತಾಂಡಾದ ಕೂಸು ಎಲ್ಲಿ ಹೋಗಬೇಕು?

ಹೊಟ್ಟಿ ಉರಿಯೋದು ಯಾಕಂದ್ರ ನಮ್ ಭಾಗದ ಮಕ್ಕಳು ಬರಿಗೈಲೆ ಬರಂಗಿಲ್ಲ ಸಾಲಿಗಿ. ಮೊಹರಂದಾಗ ಅಲಾಯಿ ಕುಣಿಯೋ ಮುಂದ ಹಲಗಿ ಗತ್ತು ಬದಲಾತಂದ್ರ ಆರು ವರ್ಷದ ಹುಡುಗನ ಕಾಲೂ ಬದಲಾಗ್ತದ, ಯಾರೂ ಹೇಳಿಕೊಟ್ಟಿರಂಗಿಲ್ಲ. ಕಡಕೋಳದ ಕಡೀ ಊರಿನಾಗ ರಾತ್ರಿ ತತ್ವಪದದ ಭಜನಿ ನಡದ್ರ ಅಜ್ಜನ ಮಗ್ಗಲಕ ಕುಂತ ಮೊಮ್ಮಗನ ಕೈಯಾಗೂ ತಾಳ ಇರ್ತಾವ. ಅದೇ ಹುಡುಗ ಮುಂಜಾನಿ ಸಾಲಿಗಿ ಬಂದು ಬೆಂಚ್ ಬಡದ್ರ ಕೈಗಿ ಏಟು! ಮನಿಯಾಗ ಕಲ್ತಿದ್ದು ಕಾರ್ಡಿನಾಗ ಒಂದು ಸಾಲೂ ಇರಂಗಿಲ್ಲ, ಹಂಗಾಗಿ ಅದು ಕಲಿಕಿನೇ ಅಲ್ಲ ಅಂತ ಅವನೂ ತಿಳ್ಕೋತಾನ, ಅವರಪ್ಪನೂ.

ಇನ್ನ ನಿಮ್ಮ ರ‍್ಯಾಂಕಿನ ಮಾತು. 2024ರಾಗ ಯಾದಗಿರಿ ಕಡೀ ನಂಬರ್, 2025ರಾಗ ಆ ಪಟ್ಟ ನಮ್ ಕಲಬುರಗಿಗಿ ಬಂತು, ನಾಚಿಕಿ ನಂಗೂ ಆಗ್ಯದ. ಆದ್ರ ಒಂದು ಕೇಳ್ತೀನಿ, ಈ ಹುಡುಗುರು ಹಾಡಿ ಹಾಡಿ ಫೇಲ್ ಆಗ್ಯಾರೇನು? ವರ್ಷಾನುಗಟ್ಟಲೆ ಸಂಗೀತದ ಪಿರಿಯಡ್ಡೆಲ್ಲಾ ಗಣಿತಕ್ಕ ಕೊಟ್ಟೇ ಈ ನಂಬರ್ ಬಂದದ. ರಿಸಲ್ಟ್ ಬಂದ ಮರುದಿನ ಮೀಟಿಂಗು, ಸ್ಪೆಷಲ್ ಕ್ಲಾಸು, ರಾತ್ರಿ ಓದು, ಎಲ್ಲಾ ಹತ್ತನೇ ಕ್ಲಾಸಿಗಿ. ಒಂದನೇ ಕ್ಲಾಸಿನಾಗ ಕೂಸಿಗಿ ಕೇಳಸ್ತದೋ ಇಲ್ಲೋ, ಎಲ್ಲಾರ ಮುಂದ ಬಾಯಿ ಬಿಟ್ಟು ಮಾತಾಡ್ತದೋ ಇಲ್ಲೋ ಅಂತ ಕೇಳೋ ಸಾಹೇಬರನ್ನ ನಾ ಇನ್ನಾ ನೋಡಿಲ್ಲ.

ಹಂಗಾಗಿ ಬಿ ತೆಗಸ್ರಿ ಅಂತ ಜಗಳಾ ಮಾಡಬ್ಯಾಡ್ರಿ. ಸಾಲಿಗಿ ಹೋಗಿ, ಬಿ ಅಂದ್ರ ಏನ್ರಿ, ತಾಳ ತಪ್ತಾಳೋ, ದನಿ ಏರಂಗಿಲ್ಲೋ, ಹೆಜ್ಜಿ ಮರೀತಾಳೋ, ಒಂದು ಸಾಲು ಬರ್ದು ಕೊಡ್ರಿ ಅಂತ ಕೇಳ್ರಿ. ಅವರಿಗೇ ಗೊತ್ತಿಲ್ಲಂದ್ರ ಆಗ ಜಗಳಾ ಮಾಡ್ರಿ, ನಾನೂ ಬರ್ತೀನಿ.

ಪತ್ರದ ಕಡೀಗಿ ಅದೇ ಸಾಲಿ ಗ್ಯಾದರಿಂಗಿಗಿ ಮುಖ್ಯ ಅತಿಥಿ ಆಗಿ ಬರ್ರಿ ಅಂತನೂ ಕರ್ದೀರಿ. ಕೂಸುಗೋಳಿಗಿ ಲಿಪ್‌ಸ್ಟಿಕ್ ಬಡದು, ಸ್ಪೀಕರಿನಾಗ ಸಿನಿಮಾ ಹಾಡು ಹಚ್ಚಿ, ಎದುರಿಗಿ ನಿಂತ ಮಿಸ್ಸನ್ನ ನೋಡಿ ನೋಡಿ ಕುಣಸೋದಿದ್ರ ನಂಗ ಬ್ಯಾಡ್ರಿ, ಶಾಲೂ ಬ್ಯಾಡ. ಒಂದು ಕ್ಲಾಸಿನ ಅಷ್ಟೂ ಮಕ್ಕಳು ತಮ್ಮ ಬಾಯಿಲೆ ಒಂದು ಹಾಡು ಹಾಡ್ತಾರಂದ್ರ ಬಸ್ ಚಾರ್ಜ್ ನಾನೇ ಹಾಕ್ಕೊಂಡು ಬರ್ತೀನಿ, ಇಲ್ಲಂದ್ರ ಆ ದಿನ ನಂಗ ಪ್ರೆಸ್ಸಿನಾಗ ಕೆಲಸ ಅದ.

– ಸಂಪಾದಕ