ದಿನ ತುಂಬಿದೆ, ನೋವು ಬಂದಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಹೆರಿಗೆಯ ದಿನಾಂಕ ದಾಟಿದ ಗರ್ಭಿಣಿಯರು ನನ್ನ ಬಳಿ ಬಂದಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಇಂಜೆಕ್ಷನ್ ಇಲ್ಲದೆ ಮನೆಯಲ್ಲೇ ನೋವು ಬರಿಸಿಕೊಳ್ಳುವುದು ಹೇಗೆ? ಕೇಳುವವರ ಮುಖದಲ್ಲಿ ನಿದ್ದೆಗೆಟ್ಟ ಆಯಾಸ ಇರುತ್ತದೆ, ಕೈಯಲ್ಲಿ ಮೊಬೈಲ್ ಇರುತ್ತದೆ. ಇಂತಹ ಹಲವು ಪ್ರಕರಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಅಂದಿನ ಭೇಟಿಯಲ್ಲಿ ಕೇಳಿದ ಒಂದು ಉತ್ತರ ನನ್ನನ್ನು ಈಗಲೂ ಕಾಡುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ಅದು ಮೊದಲ ಬಸಿರು. ನಲವತ್ತು ವಾರ ಮುಗಿದು ಕೆಲವು ದಿನಗಳಾಗಿದ್ದವು. ರಕ್ತದೊತ್ತಡ, ಸಕ್ಕರೆ ಎಲ್ಲವೂ ಹತೋಟಿಯಲ್ಲಿದ್ದವು. ವೈದ್ಯರು ‘ನಲವತ್ತೊಂದು ವಾರದವರೆಗೆ ಕಾಯೋಣ, ಆಮೇಲೆ ನೋವು ಬರಿಸೋಣ’ ಎಂದಿದ್ದರು. ಆ ಮಾತಿನ ಮೊದಲರ್ಧ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಗಡುವು ಹತ್ತಿರವಾಗುತ್ತಿದೆ, ಅಷ್ಟರೊಳಗೆ ತಾನೇ ಏನಾದರೂ ಮಾಡಬೇಕು ಎಂಬುದಷ್ಟೇ ತಲೆಯಲ್ಲಿ ಉಳಿದಿತ್ತು. ಬಂಧುಗಳ ಫೋನ್ ಕರೆಗಳು ಬೇರೆ. ‘ಇನ್ನೂ ಆಗಿಲ್ಲವೇ?’ ಎಂಬ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ತಪ್ಪು ಮಾಡಿದವಳಂತೆ ಕುಗ್ಗಿಹೋಗಿದ್ದೇನೆ ಎಂದರು.

ಮೊಬೈಲ್‌ನಲ್ಲಿ ಪಟ್ಟಿಯೊಂದನ್ನು ತೋರಿಸಿದರು. ಮಾಡಿ ಮುಗಿಸಿದ್ದರ ಮುಂದೆಲ್ಲ ಗುರುತು ಹಾಕಿದ್ದರು. ಬೆಳಿಗ್ಗೆ ಸಂಜೆ ನಡಿಗೆ, ಮೆಟ್ಟಿಲು ಹತ್ತುವುದು, ಖಾರದ ಊಟ, ಅನಾನಸ್, ಖರ್ಜೂರ, ಗಂಡನೊಡನೆ ಕೂಡುವುದು. ಕೊನೆಯ ಸಾಲಿನಲ್ಲಿದ್ದ ಹರಳೆಣ್ಣೆಗೆ ಇನ್ನೂ ಗುರುತು ಬಿದ್ದಿರಲಿಲ್ಲ. ಬಾಟಲಿ ಮಾತ್ರ ಆಗಲೇ ಕೈಚೀಲದಲ್ಲಿತ್ತು. ‘ಇವತ್ತು ರಾತ್ರಿ ಕುಡಿಯುತ್ತೇನೆ, ಎಷ್ಟು ಕುಡಿಯಬೇಕೆಂದು ಹೇಳಿ’ ಎಂದರು.

ನಾನು ಪಟ್ಟಿಯನ್ನು ಬದಿಗಿಟ್ಟು ಕೇಳಿದೆ: ‘ಬೆಳಗಿನಿಂದ ಮಗು ಹೇಗೆ ಆಡುತ್ತಿದೆ?’

ಆಕೆ ಗಂಡನ ಮುಖ ನೋಡಿದರು. ಆತ ನೆಲ ನೋಡಿದರು. ‘ಗಮನಿಸಿಲ್ಲ. ಬೆಳಗಿನಿಂದ ನಡೆಯುತ್ತಲೇ ಇದ್ದೆ’ ಎಂದರು. ನಿನ್ನೆ? ನಿನ್ನೆಯದೂ ಸರಿಯಾಗಿ ನೆನಪಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾವೇ ಸಮಾಧಾನ ಹೇಳಿಕೊಳ್ಳುವಂತೆ, ‘ದಿನ ತುಂಬಿದ ಮೇಲೆ ಒಳಗೆ ಜಾಗ ಸಾಲದೆ ಮಗು ಆಡುವುದು ಕಡಿಮೆಯಾಗುತ್ತದಂತಲ್ಲವೇ?’ ಎಂದರು.

ಇಲ್ಲ. ಇಷ್ಟು ನಿರಪಾಯಕಾರಿಯಾಗಿ ಕೇಳಿಸುವ ಈ ಮಾತಿನಷ್ಟು ಅಪಾಯಕಾರಿಯಾದ ನಂಬಿಕೆ ಕೊನೆಯ ತಿಂಗಳಲ್ಲಿ ಇನ್ನೊಂದಿಲ್ಲ. ಮಗು ದೊಡ್ಡದಾದಂತೆ ಒದೆತದ ಬಗೆ ಬದಲಾಗಬಹುದು, ಒದೆಯುವ ಬದಲು ಹೊರಳುವುದು, ಒತ್ತುವುದು ಹೆಚ್ಚಬಹುದು. ಆದರೆ ಆಟ ಕಡಿಮೆಯಾಗಬಾರದು. ನೋವು ಶುರುವಾಗುವವರೆಗೂ, ಶುರುವಾದ ಮೇಲೂ ಮಗು ಮಿಸುಕಾಡುತ್ತಲೇ ಇರಬೇಕು. ಎಷ್ಟು ಸಲ ಎಂಬ ಲೆಕ್ಕಕ್ಕಿಂತ, ಆ ಮಗುವಿನ ರೂಢಿ ಏನು, ಇವತ್ತು ಅದು ತಪ್ಪಿದೆಯೇ ಎಂಬುದು ಮುಖ್ಯ. ತಪ್ಪಿದೆ ಎನಿಸಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿದೆ. ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ, ಗಂಡನ ಕೈಯಿಂದಲೇ ಹೆರಿಗೆ ವಾರ್ಡಿಗೆ ಫೋನ್ ಮಾಡಿಸಿದೆ. ಅಷ್ಟರಲ್ಲಿ ಆಕೆ ಹೊಟ್ಟೆಯ ಬಲಗಡೆ ಕೈಯಿಟ್ಟು, ‘ಇಲ್ಲಿ, ಈಗ ಹೊರಳಿತು’ ಎಂದರು. ಬಂದಾಗಿನಿಂದ ಆಕೆ ಮಗುವಿನ ಬಗ್ಗೆ ಉತ್ಸಾಹದಿಂದ ಆಡಿದ ಮೊದಲ ಮಾತು ಅದು. ಆದರೂ ಕಳುಹಿಸಿದೆ. ಹೊರಳಿತಲ್ಲ, ಇನ್ನೇಕೆ ಆಸ್ಪತ್ರೆ ಎಂದು ಗಂಡ ಕೇಳಿದರು. ಎರಡು ದಿನದ ಲೆಕ್ಕ ಯಾರಿಗೂ ಗೊತ್ತಿಲ್ಲದಿರುವಾಗ ಒಂದು ಹೊರಳಾಟವನ್ನು ನಂಬಿ ಮನೆಗೆ ಕಳುಹಿಸಲು ನನಗೆ ಮನಸ್ಸು ಬರಲಿಲ್ಲ. ಅಲ್ಲಿ ಮಗುವಿನ ಎದೆಬಡಿತದ ದಾಖಲೆ ತೆಗೆದು, ಸುತ್ತಲಿನ ನೀರಿನ ಪ್ರಮಾಣ ನೋಡಿ, ಎಲ್ಲವೂ ಸರಿಯಿದೆ ಎಂದರು.

ಮರುದಿನ ಮತ್ತೆ ಬಂದಾಗ ಪಟ್ಟಿಯ ಬಗ್ಗೆ ಮಾತನಾಡಿದೆವು. ಹರಳೆಣ್ಣೆ ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಅದು ಕರುಳನ್ನು ಕೆರಳಿಸುತ್ತದೆ. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಗರ್ಭಕೋಶದ ಸ್ನಾಯುವನ್ನೂ ತಟ್ಟಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಆದರೆ ಕುಡಿದವರಿಗೆ ಹೊಟ್ಟೆ ತೊಳಸುವುದು, ಭೇದಿಯಾಗುವುದು ಬಹುಮಟ್ಟಿಗೆ ಖಚಿತ, ಹೆರಿಗೆ ನೋವು ಬರುವುದು ಖಚಿತವಲ್ಲ. ಹೆರಿಗೆಗೆ ಶಕ್ತಿ ಕೂಡಿಟ್ಟುಕೊಳ್ಳಬೇಕಾದ ಹೆಂಗಸು ರಾತ್ರಿಯಿಡೀ ಭೇದಿಯಾಗಿ, ನೀರಿನಂಶ ಬತ್ತಿ, ಸುಸ್ತಾಗಿ ವಾರ್ಡಿಗೆ ಬರುವುದು ಯಾರ ಹಿತಕ್ಕೂ ಅಲ್ಲ. ಹಿಂದೆ ಸಿಸೇರಿಯನ್ ಆದವರ ಮಾತಂತೂ ಬೇರೆಯೇ. ಅವರ ಗರ್ಭಕೋಶದಲ್ಲಿ ಹಳೆಯ ಹೊಲಿಗೆಯ ಕಲೆ ಇರುತ್ತದೆ. ಅದು ವಿಪರೀತ ಬಿಗಿತ ತಾಳಲಾರದು.

ಉಳಿದವು ಬಹುಪಾಲು ನಿರಪಾಯಕಾರಿ, ಅಷ್ಟೇ ನಿಷ್ಪ್ರಯೋಜಕ. ಖಾರಕ್ಕೂ ಅನಾನಸಿಗೂ ಯಾವ ಆಧಾರವೂ ಇಲ್ಲ. ನಡಿಗೆ ಒಳ್ಳೆಯದು. ನೋವು ಶುರುವಾದ ಮೇಲೆ ಮಲಗದೆ ಓಡಾಡಿಕೊಂಡಿದ್ದರೆ ಹೆರಿಗೆಯ ಮೊದಲ ಹಂತ ಸುಮಾರು ಒಂದು ಗಂಟೆಯಷ್ಟು ಮೊಟಕಾಗುತ್ತದೆ. ಆದರೆ ಶುರುವಾಗದ ನೋವನ್ನು ನಡಿಗೆ ಎಬ್ಬಿಸುತ್ತದೆ ಎನ್ನಲಾಗದು. ಖರ್ಜೂರದ ಬಗ್ಗೆ ಆಶಾದಾಯಕವಾದ ಸಣ್ಣ ಅಧ್ಯಯನಗಳಿವೆ. ಅವು ಕೊನೆಯ ನಾಲ್ಕು ವಾರ ದಿನವೂ ತಿಂದವರ ಬಗ್ಗೆ, ಒಂದೇ ದಿನ ಬಟ್ಟಲುಗಟ್ಟಲೆ ತಿಂದವರ ಬಗ್ಗೆ ಅಲ್ಲ. ಸಕ್ಕರೆ ಕಾಯಿಲೆ ಇದ್ದವರು ಅದಕ್ಕೂ ವೈದ್ಯರನ್ನು ಕೇಳಬೇಕು. ಗರ್ಭಕಂಠವನ್ನು ಮೆತ್ತಗಾಗಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ವೀರ್ಯದಲ್ಲಿ ಇರುವುದು ನಿಜ. ಆದರೆ ಕೂಡಿದವರಿಗೂ ಕೂಡದವರಿಗೂ ಹೆರಿಗೆಯ ದಿನದಲ್ಲಿ ವ್ಯತ್ಯಾಸ ಕಂಡಿಲ್ಲ. ನೀರು ಹೋದ ಮೇಲೆ, ಅಥವಾ ಮಾಸು ಕೆಳಗಿದ್ದರೆ ಗಂಡನೊಡನೆ ಕೂಡಲೇಬಾರದು. ಪಟ್ಟಿಯಲ್ಲಿರದ ಇನ್ನೊಂದು ಉಪಾಯವೂ ಇದೆ: ಮೊಲೆತೊಟ್ಟನ್ನು ನೀವಿದರೆ ಗರ್ಭಕೋಶವನ್ನು ಬಿಗಿಯಾಗಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಸ್ರವಿಸುತ್ತದೆ. ಗರ್ಭಕಂಠ ಆಗಲೇ ಮೆತ್ತಗಾಗಿರುವವರಲ್ಲಿ ಇದರಿಂದ ನೋವು ಬೇಗ ಶುರುವಾದದ್ದೂ ಉಂಟು. ಆದ್ದರಿಂದಲೇ ಇದು ಮನೆಮದ್ದಲ್ಲ. ಕೆಲಸ ಮಾಡಬಲ್ಲದ್ದು ಅತಿಯಾಗಿಯೂ ಕೆಲಸ ಮಾಡೀತು. ಬಿಗಿತಗಳು ಒಂದರ ಬೆನ್ನಿಗೊಂದು ಬಂದರೆ ನಡುವೆ ಮಗುವಿಗೆ ಆಮ್ಲಜನಕ ಸಾಲದು. ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಮಾಡಬೇಡಿ ಎಂದೆ.

ಇಷ್ಟನ್ನೆಲ್ಲ ಕೇಳಿದ ಮೇಲೆ ಆಕೆ ಹೇಳಿದ ಮಾತು: ‘ಡ್ರಿಪ್ ಹಾಕಿ ಬರಿಸಿದರೆ ನಾನು ಹೆತ್ತ ಹಾಗಾಗುವುದಿಲ್ಲ, ಅವರು ಹೆರಿಸಿದ ಹಾಗಾಗುತ್ತದೆ.’

ನಿಜವಾದ ಸಂಕಟ ಅಲ್ಲಿತ್ತು. ಇಂತಹ ಮಾತಿಗೆ ನಕ್ಕು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡ್ರಿಪ್‌ನಲ್ಲಿರುವ ಆಕ್ಸಿಟೋಸಿನ್ ದೇಹ ತಾನೇ ತಯಾರಿಸುವ ಹಾರ್ಮೋನೇ, ಅಣುವಿಗೆ ಅಣು ಅದೇ ಎಂದು ವಿವರಿಸಿದೆ. 1953ರಲ್ಲಿ ಅಮೆರಿಕದ ವಿಜ್ಞಾನಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು, 1955ರಲ್ಲಿ ಅವರಿಗೆ ನೊಬೆಲ್ ಬಂತು. ಡ್ರಿಪ್‌ನಿಂದ ಬರುವ ನೋವು ಹೆಚ್ಚು ತೀವ್ರವಾಗಿರಬಹುದು, ಮಗುವಿನ ಎದೆಬಡಿತ ನೋಡುತ್ತಿರಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ನೋವು ಬರಿಸಿದರೆ ಸಿಸೇರಿಯನ್ ಕಟ್ಟಿಟ್ಟ ಬುತ್ತಿ ಎಂಬ ಭಯವೂ ಆಕೆಗಿತ್ತು. ತೊಡಕಿಲ್ಲದ ಚೊಚ್ಚಲ ಗರ್ಭಿಣಿಯರು ಆರು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದ, 2018ರಲ್ಲಿ ಪ್ರಕಟವಾದ ಅರೈವ್ ಅಧ್ಯಯನದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದ ಗುಂಪಿನಲ್ಲಿ ಸಿಸೇರಿಯನ್ ಶೇ 18.6, ಕಾದ ಗುಂಪಿನಲ್ಲಿ ಶೇ 22.2 ಇತ್ತು. ಎಲ್ಲರೂ 39ಕ್ಕೇ ಬರಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆ ಭಯಕ್ಕೆ ತಳಹದಿ ಇಲ್ಲ ಎನ್ನುತ್ತಿದ್ದೇನೆ.

ಕೊಟ್ಟ ಸಲಹೆ ಇಷ್ಟು. ಹೆರಿಗೆಯ ದಿನಾಂಕ ಹೇಳುವ ನಲವತ್ತು ವಾರದ, ಅಂದರೆ 280 ದಿನದ ಲೆಕ್ಕ ಬರೀ ಅಂದಾಜು, ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. 41 ವಾರ ಖಚಿತವಾಗಿ ತುಂಬಿದವರಿಗೆ ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಅಲ್ಲಿಂದಾಚೆ ಗರ್ಭದಲ್ಲೇ ಮಗು ಸಾಯುವ ಅಪಾಯ, ಸಣ್ಣದೇ ಆದರೂ, ಏರುತ್ತದೆ ಎಂಬ ಕಾರಣಕ್ಕೆ. ಗರ್ಭಕಂಠದ ಬಳಿಯ ಪೊರೆಯನ್ನು ಬೆರಳಿನಿಂದ ಸಡಿಲಿಸುವ ವಿಧಾನವಿದೆ, ಅದು ನಿಮಗೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಹಗಲಲ್ಲೂ ನಿದ್ದೆ ಮಾಡಿ. ಪಟ್ಟಿ ಅಳಿಸಿ. ರಕ್ತಸ್ರಾವವಾದರೆ, ನೀರು ಹೋದರೆ, ತೀವ್ರ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮಗುವಿನ ಆಟ ತಗ್ಗಿದರೆ ಯಾರನ್ನೂ ಕೇಳದೆ ಹೊರಡಿ. ಫೋನ್ ಕರೆಗಳನ್ನು ಗಂಡ ನೋಡಿಕೊಳ್ಳಲಿ. ಆತ ಅಂದೇ ಸಂಜೆ ಎಲ್ಲರಿಗೂ ಸಂದೇಶ ಕಳುಹಿಸಿದರು: ಮಗು ಹುಟ್ಟಿದ ಮೇಲೆ ನಾವೇ ತಿಳಿಸುತ್ತೇವೆ.

ಆಪ್ತಸಲಹೆಗಾರರು ವೈದ್ಯಕೀಯ ಮಾತಾಡಬಾರದು, ಆಸ್ಪತ್ರೆಯ ಪರ ವಕಾಲತ್ತು ವಹಿಸಬಾರದು ಎಂಬ ಆಕ್ಷೇಪ ಕೇಳಿದ್ದೇನೆ. ಕೈಚೀಲದಲ್ಲಿ ಬಾಟಲಿ ಇಟ್ಟುಕೊಂಡು ಬಂದವರ ಮುಂದೆ ‘ನಿಮ್ಮ ಭಾವನೆ ಅರ್ಥವಾಗುತ್ತದೆ’ ಎಂದಷ್ಟೇ ಹೇಳಿ ಕಳುಹಿಸುವುದನ್ನು ನಾನು ಸಲಹೆ ಎಂದು ಕರೆಯಲಾರೆ.

ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ನೋವು ತಾನಾಗಿ ಬಂತೇ, ಬರಿಸಿದರೇ ಎಂಬುದನ್ನು ಬೇಕೆಂದೇ ಬರೆಯುತ್ತಿಲ್ಲ. ಆ ಹೊತ್ತಿಗೆ ಯಾರಿಗಾದರೂ ನೋವು ಬರುವ ಕಾಲವೇ ಆಗಿರುತ್ತದೆ. ಹಿಂದಿನ ದಿನ ತಿಂದದ್ದಕ್ಕೆ, ಮಾಡಿದ್ದಕ್ಕೆ ಅದರ ಕೀರ್ತಿ ಹೋಗುತ್ತದೆ. ಹಾಗೆಯೇ ಈ ಪಟ್ಟಿಗಳು ಬೆಳೆಯುತ್ತವೆ. ಇನ್ನೊಬ್ಬ ಗರ್ಭಿಣಿಯ ಮೊಬೈಲ್‌ನಲ್ಲಿ ಹೊಸ ಸಾಲೊಂದನ್ನು ಸೇರಿಸಲು ನನಗೆ ಇಷ್ಟವಿಲ್ಲ.