ಹೊಲದ ಅಂಚು ಯಾರದು?

ಪ್ರಶ್ನೆ: ಸರ್, ಯೆಹೂದ್ಯರು ತಮ್ಮನ್ನು ದೇವರೇ ಆರಿಸಿಕೊಂಡ ಜನ ಎಂದು ಹೇಳಿಕೊಳ್ಳುತ್ತಾರೆ. ಜಗತ್ತನ್ನು ಮೇಲೆತ್ತುವುದು ತಮ್ಮ ಕೆಲಸ ಎಂದೂ ಹೇಳುತ್ತಾರಂತೆ. ಇದು ಸೊಕ್ಕಿನ ಮಾತು ಅಲ್ವಾ? ಮೇಲೆತ್ತುವುದು ಅಂದರೆ ಎಲ್ಲರನ್ನೂ ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳುವುದಾ?
– ಪದವಿ ವಿದ್ಯಾರ್ಥಿ, ಸಿರುಗುಪ್ಪ

ತಮ್ಮಾ, ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸೇರಿಸಿಕೊಳ್ಳುವುದಲ್ಲ. ತಾನಾಗಿಯೇ ಬಂದು ಸೇರುತ್ತೇನೆ ಅನ್ನುವವರನ್ನು ಕೂಡ ಅವರ ಗುರುಗಳು ಮೊದಲು ತಡೆಯುತ್ತಾರೆ. ಇದು ಯಾಕೆ ಬೇಕು ನಿನಗೆ, ಇದರ ಕಷ್ಟ ಗೊತ್ತಾ ಎಂದು ಕೇಳುವುದು ಹಳೆಯ ಪದ್ಧತಿ. ಬೇರೆ ಜನಕ್ಕೆ ಏಳು ನಿಯಮ ಸಾಕು ಎನ್ನುತ್ತದೆ ಅವರ ಪರಂಪರೆ. ಅವು ನೋಹನ ಹೆಸರಿನ ನಿಯಮಗಳು; ನೋಹ ಅಂದರೆ ಅವರ ಗ್ರಂಥದ ಪ್ರಕಾರ ಮಹಾಪ್ರಳಯದಲ್ಲಿ ಉಳಿದುಕೊಂಡವನು. ಕೊಲೆ, ಕಳವು, ಹಾದರ ಬೇಡ. ದೇವರನ್ನು ಬೈಯಬೇಡ. ಜೀವ ಇರುವ ಪ್ರಾಣಿಯಿಂದ ಮಾಂಸ ಕಿತ್ತು ತಿನ್ನಬೇಡ. ನ್ಯಾಯಾಲಯ ಕಟ್ಟಿಕೋ. ಮೂರ್ತಿಪೂಜೆ ಬೇಡ ಎಂಬುದೂ ಅದರಲ್ಲಿದೆ. ಗುಡಿಗೆ ಹೋಗಿ ಕಾಯಿ ಒಡೆಯುವ ನನಗೆ ಅದು ಒಪ್ಪಿಗೆಯಾಗುವ ಮಾತಲ್ಲ, ಆದರೂ ನಿನ್ನಿಂದ ಮುಚ್ಚಿಡುವುದಿಲ್ಲ. ಬೇರೆ ಜನರಲ್ಲಿರುವ ಒಳ್ಳೆಯವರಿಗೂ ಪರಲೋಕದಲ್ಲಿ ಪಾಲಿದೆ ಎಂದು ಅವರ ಹಿರಿಯರು ಹೇಳಿದ್ದಾರೆ. ಸ್ವರ್ಗದ ಬಾಗಿಲು ನಮ್ಮ ಓಣಿಯಲ್ಲಿ ಮಾತ್ರ ಇದೆ ಅನ್ನದ ಧರ್ಮ ಅದು. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಇನ್ನು ಸೊಕ್ಕಿನ ಪ್ರಶ್ನೆ. ನಾನೂ ನಿನ್ನ ವಯಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಆಮೇಲೆ ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆ ಓದಿದೆ. ಯೆಹೂದ್ಯರ ಗ್ರಂಥ ಅಂದರೆ ಅದೇ. ಅದನ್ನು ಕನ್ನಡಕ್ಕೆ ತರುವ ಕೆಲಸ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಆ ಕೆಲಸಕ್ಕೆ ಕೂತರು. ಅದರಲ್ಲಿ ಆಮೋಸ ಎಂಬ ಪ್ರವಾದಿ ಬರುತ್ತಾನೆ. ಕುರಿ ಕಾಯುವವನು. ದೇವರ ಹೆಸರಿನಲ್ಲಿ ಅವನು ತನ್ನ ಜನಕ್ಕೆ ಹೇಳುವ ಮಾತು ಹೀಗಿದೆ: ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನೇ ನನ್ನವರು ಎಂದುಕೊಂಡೆ, ಅದಕ್ಕೇ ನಿಮ್ಮ ತಪ್ಪುಗಳಿಗೆಲ್ಲ ನಿಮ್ಮನ್ನು ದಂಡಿಸುತ್ತೇನೆ.

ಆ 'ಅದಕ್ಕೇ' ಓದಿ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತಿದ್ದೆ. ಆರಿಸಿಕೊಂಡದ್ದಕ್ಕೆ ಸಿಕ್ಕಿದ್ದು ಜಾಸ್ತಿ ಲೆಕ್ಕ ಒಪ್ಪಿಸುವ ಕೆಲಸ. ಬಡವನನ್ನು ಒಂದು ಜೊತೆ ಚಪ್ಪಲಿಗೆ ಮಾರುತ್ತೀರಿ ಎಂದು ಅದೇ ಆಮೋಸ ಸಿಟ್ಟಾಗುತ್ತಾನೆ. ಇವತ್ತು ಅವರ ಹೆಸರಿನಲ್ಲಿ ಆಳುವವರಿಗೂ ಆ ಅಳತೆ ತಪ್ಪಿದ್ದಲ್ಲ. ಆಜ್ಞೆಗಳನ್ನು ಪಾಲಿಸುವುದಕ್ಕೆ ಅವರ ಗುರುಗಳು ಬಳಸುವ ಪದವೇ 'ನೊಗ'. ಎರೆಹೊಲದ ಹುಡುಗ ನೀನು. ನೊಗ ಹೊತ್ತ ಎತ್ತಿನ ಕೊರಳು ಹೇಗಿರುತ್ತದೆ ಎಂದು ನಿನಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಸರ್, 'ತಿಕ್ಕುನ್ ಓಲಾಮ್' ಅಂದರೆ ಏನು? ಹೆಸರಾದವರ ಮಾತು ಬಿಡಿ, ಸಾಮಾನ್ಯ ಯೆಹೂದಿ ಮನೆಯವರು ದಿನನಿತ್ಯ ಜಗತ್ತಿಗಾಗಿ ಏನು ಮಾಡಬೇಕು ಎಂದು ಅವರ ಧರ್ಮ ಹೇಳುತ್ತದೆ?
– ಶಿಕ್ಷಕಿ, ಗಂಗಾವತಿ

ತಂಗೀ, ತಿಕ್ಕುನ್ ಓಲಾಮ್ ಅಂದರೆ ಜಗತ್ತನ್ನು ರಿಪೇರಿ ಮಾಡುವುದು. 16ನೇ ಶತಮಾನದಲ್ಲಿ, ಇವತ್ತಿನ ಇಸ್ರೇಲಿನ ಉತ್ತರಕ್ಕಿರುವ ಗಲಿಲಾಯದ ಸಫೇದ್ ಊರಿನಲ್ಲಿ ಐಸಾಕ್ ಲೂರಿಯಾ ಎಂಬ ಗುರು ಇದಕ್ಕೊಂದು ದೊಡ್ಡ ಕಲ್ಪನೆ ಕೊಟ್ಟ. ಸೃಷ್ಟಿಯ ಹೊತ್ತಿನಲ್ಲಿ ದೇವರ ಬೆಳಕು ತುಂಬಿದ ಪಾತ್ರೆಗಳು ಒಡೆದವು. ಕಿಡಿಗಳು ಎಲ್ಲ ಕಡೆ ಚದುರಿ ಬಿದ್ದವು. ಮನುಷ್ಯ ಮಾಡುವ ಒಂದೊಂದು ಒಳ್ಳೆಯ ಕೆಲಸವೂ ಒಂದು ಕಿಡಿಯನ್ನು ಎತ್ತಿ ಅದರ ಜಾಗಕ್ಕೆ ಸೇರಿಸುತ್ತದೆ. ಮೇಲೆತ್ತುವುದು ಅನ್ನುವ ಮಾತಿಗೆ ಅವರಲ್ಲಿ ಇಂಥ ಅರ್ಥವೂ ಇದೆ.

ಹೆಸರಾದವರು ಬೇಡ ಅಂದಿರಿ. ಒಬ್ಬರನ್ನು ಮಾತ್ರ ನೆನೆಯಲು ಬಿಡಿ. ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿಯಾಗಿ, ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಪ್ಲೇಗಿಗೆ ಮುಂಬಯಿಯಲ್ಲಿ ಲಸಿಕೆ ಮಾಡಿದವರು ವಾಲ್ಡಮರ್ ಹಾಫ್ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ. 1897ರ ಜನವರಿ 10ರಂದು ಅವರು ಅದನ್ನು ಮೊದಲು ಚುಚ್ಚಿಸಿಕೊಂಡದ್ದು ತಮ್ಮ ಮೈಗೇ. ಅಜ್ಜಿಗೆ ಆ ಹೆಸರು ಕೊನೆಯವರೆಗೂ ಗೊತ್ತಿರಲಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಮ್ಮವ್ವ ಶೇಂಗಾ ಹಕ್ಕಲಿಗೆ ಹೋಗುತ್ತಿದ್ದಳು. ಬಳ್ಳಿ ಕಿತ್ತಾದ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಕುರುಪಿಯಿಂದ ಕೆದಕಿ ಉಡಿಗೆ ಹಾಕಿಕೊಳ್ಳುವುದು. ನಾನೂ ಹಿಂದೆ ಹಿಂದೆ ಹೋಗುತ್ತಿದ್ದೆ. ಒಂದು ಸಲ ಒಬ್ಬ ಹೊಲದವರು ಅವ್ವನ ಉಡಿ ಬಿಚ್ಚಿಸಿ, ಇದ್ದದ್ದನ್ನೆಲ್ಲ ತಮ್ಮ ಚೀಲಕ್ಕೆ ಸುರಿಸಿಕೊಂಡರು. ಅವ್ವ ಸೆರಗು ಝಾಡಿಸಿಕೊಂಡು ಒಂದೂ ಮಾತಾಡದೆ ನಡೆದಳು. ನನಗಾಗ ಎಂಟು ವರ್ಷ. ಇನ್ನೊಬ್ಬರು ಇದ್ದರು. ಹಳ್ಳದ ಕಡೆಯ ನಾಲ್ಕು ಸಾಲಿಗೆ ಎರಡನೇ ಸಲ ಕುಂಟೆ ಹೊಡೆಸುತ್ತಲೇ ಇರಲಿಲ್ಲ. ಯಾಕೆ ಎಂದು ಯಾರಿಗೂ ಹೇಳುತ್ತಲೂ ಇರಲಿಲ್ಲ.

ಬಹಳ ವರ್ಷದ ಮೇಲೆ ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯ ಓದುವಾಗ ನನಗೆ ಆ ನಾಲ್ಕು ಸಾಲು ಕಣ್ಣಿಗೆ ಕಟ್ಟಿದವು. ಸುಗ್ಗಿಯಲ್ಲಿ ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ. ಹಕ್ಕಲು ಆಯಬೇಡ. ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ಎತ್ತಬೇಡ. ಅವು ಬಡವರಿಗೂ ಪರದೇಶದವರಿಗೂ ಇರಲಿ. ಇದನ್ನು ಅವರು ದಾನ ಎಂದು ಕರೆಯಲಿಲ್ಲ, ಕಾನೂನು ಮಾಡಿದರು. ಮೂಲೆಗೆ ಬಿಡುವುದು ಬೆಳೆಯ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಬಾರದು ಎಂದು ಗುರುಗಳು ಅಳತೆಯನ್ನೂ ಹೇಳಿದರು. ಆ ಪಾಲು ಇಂಥವರಿಗೇ ಸಿಗಲಿ ಎನ್ನುವ ಹಕ್ಕೂ ಹೊಲದವನಿಗೆ ಇಲ್ಲ. ಹೊಲದಲ್ಲಿ ಮರೆತು ಬಂದ ಸಿವುಡನ್ನು ತರಲು ತಿರುಗಿ ಹೋಗುವಂತಿಲ್ಲ. ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕುವಂತಿಲ್ಲ. ಏಳನೆಯ ದಿನ ಆಳಿಗೂ ಎತ್ತಿಗೂ ಕತ್ತೆಗೂ ರಜೆ. ನಮ್ಮ ಕಡೆ ಸೋಮವಾರ ಎತ್ತು ಹೂಡದ ಮನೆಗಳಿವೆ ಅಲ್ವಾ, ನಿಮಗೆ ಇದು ದೂರದ್ದು ಅನಿಸಲಿಕ್ಕಿಲ್ಲ.

ಬಡವರಿಗೆ ಕೊಡುವುದಕ್ಕೆ ಅವರ ಪದ 'ಸೆದಾಕಾ'. ಅದು ನ್ಯಾಯ ಎಂಬ ಪದದಿಂದ ಬಂದದ್ದು. 12ನೇ ಶತಮಾನದ ಮೈಮೊನಿಡೀಸ್, ಈಜಿಪ್ತಿನಲ್ಲಿ ವೈದ್ಯನಾಗಿದ್ದವನು, ಅದಕ್ಕೆ ಎಂಟು ಮೆಟ್ಟಿಲು ಹೇಳಿದ. ಮುಖ ಗಂಟು ಹಾಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಸಾಲವನ್ನೋ ಕೆಲಸವನ್ನೋ ಕೊಟ್ಟು, ಪಾಲುದಾರಿಕೆಗೆ ಸೇರಿಸಿಕೊಂಡು, ಅವನು ಮತ್ತೆ ಕೈ ಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು.

ಹಕ್ಕಲಿನ ಕಾನೂನು ಹೇಗೆ ನಡೆಯುತ್ತಿತ್ತು ಎಂದು ನೋಡಬೇಕಾದರೆ ಹಳೆಯ ಒಡಂಬಡಿಕೆಯಲ್ಲೇ ಇರುವ ರೂತಳ ಕಥೆ ಓದಿ. ನಾಲ್ಕೇ ಅಧ್ಯಾಯ. ಮೋವಾಬ್ ದೇಶದ ಹುಡುಗಿ, ಗಂಡ ಸತ್ತವಳು. ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ಹಕ್ಕಲಿಗೆ ಇಳಿಯುತ್ತಾಳೆ. ಮುಂದೆ ದಾವೀದ ರಾಜ ಹುಟ್ಟಿದ್ದು ಅವಳ ವಂಶದಲ್ಲೇ. ಪರದೇಶದ ಹಕ್ಕಲಿನವಳನ್ನು ತಮ್ಮ ದೊಡ್ಡ ರಾಜನ ಮುತ್ತಜ್ಜಿ ಎಂದು ಬರೆದಿಟ್ಟುಕೊಂಡ ಜನ ಅವರು.

ಅವ್ವ ಇದ್ದಾಗ ಒಂದು ಸಂಜೆ ಅವಳಿಗೆ ಈ ಕಥೆ ಓದಿ ಹೇಳಿದೆ. ದೇವರು, ದಾವೀದ ಯಾವುದನ್ನೂ ಅವಳು ಕೇಳಲಿಲ್ಲ.

"ಆ ಹುಡುಗಿಗೆ ಎಷ್ಟು ಸಿಕ್ತಂತ?" ಅಂದಳು.

ಬಡಿದ ಮೇಲೆ ಒಂದು ಏಫಾ ಜವೆಗೋದಿ ಆಯಿತು ಎಂದೆ. ಸುಮಾರು 22 ಲೀಟರ್. ಎಣ್ಣೆ ಡಬ್ಬಿ ತುಂಬಿ ಇನ್ನೂ ಮಿಗುವಷ್ಟು.

"ಒಂದ ದಿನಕ್ಕ?"

ಹೌದು ಎಂದೆ. ಅವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಹಕ್ಕಲಾಗ ಅಷ್ಟು ಸಿಗೂದಿಲ್ಲಪಾ. ಹೊಲದಾವ ಬೇಕಂತಲೇ ಬಿಟ್ಟಾನ."

ಪುಟ ತಿರುವಿ ಅವಳಿಗೆ ತೋರಿಸಿದೆ. ಎರಡನೇ ಅಧ್ಯಾಯ, 16ನೇ ವಚನ. ಸಿವುಡಿನಿಂದ ತೆನೆ ಎಳೆದು ಬೀಳಿಸಿರಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದ.